ಮುನಿಸಲ್ಲ, ಪೊರೆ

ಅಮೆರಿಕದ ಅನೇಕ ಮನೆಗಳಲ್ಲಿ ಸಾಕುವ ‘ಕಾರ್ನ್ ಸ್ನೇಕ್’ ವಿಷವಿಲ್ಲದ, ಸಾಧುಸ್ವಭಾವದ ಹಾವು. ನಿತ್ಯವೂ ಕೈಮೇಲೆ ಹರಿದಾಡುತ್ತಿದ್ದ ಅದು ಇದ್ದಕ್ಕಿದ್ದಂತೆ ಬಾಲವದುರಿಸಿ ಕಚ್ಚಲು ಬಂದರೆ, ಗುಣವೇ ಕೆಟ್ಟಿತೆಂದು ಸಾಕಿದವರು ಭಾವಿಸುವುದುಂಟು. ಆಗ ಮೊದಲು ನೋಡಬೇಕಾದುದು ಅದರ ಕಣ್ಣನ್ನು.

ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಪಾರದರ್ಶಕವಾದೊಂದು ಹುರುಪೆ. ಪೊರೆ ಬಿಡುವ ಕಾಲ ಸಮೀಪಿಸಿದಾಗ ಹಳೆಯ, ಹೊಸ ಚರ್ಮಗಳ ನಡುವೆ ದ್ರವವೂರಿ, ಆ ಹುರುಪೆಯೂ ಹಾಲುನೀಲಿಯಾಗಿ ನೋಟ ಮಸುಕಾಗುತ್ತದೆ. ಚಾಚಿದ ಕೈ ಒಡೆಯನದೋ ಶತ್ರುವಿನದೋ ಅದಕ್ಕೆ ತಿಳಿಯದು.

ಆ ದಿನಗಳಲ್ಲಿ ಅದನ್ನು ಮುಟ್ಟದೆ, ಕುಡಿಯಲು ನೀರಿಟ್ಟು, ಗೂಡಿನ ತೇವ ಕಾಪಾಡಬೇಕು. ಪೊರೆಯನ್ನು ಎಳೆದು ಬಿಡಿಸಹೋದರೆ ಕಣ್ಣಿಗೇ ಅಪಾಯ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅದು ತಾನಾಗಿ ಕಳಚುತ್ತದೆ, ಹಾವೂ ಮೊದಲಿನಂತಾಗುತ್ತದೆ. ಕಳಚಿದ ಮೇಲೂ ಮುನಿಸು ಉಳಿದರೆ ನೋವೋ ರೋಗವೋ ಇದ್ದೀತು. ಪಶುವೈದ್ಯರಿಗೆ ತೋರಿಸುವುದೇ ಲೇಸು.