“ಸರ್ವರ್ ಇಲ್ಲ” ಎನ್ನುವ ಮುನ್ನ

“ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದ ಕನ್ನಡಿಗರು ಇಂದು ವಿರಳ. ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿಸಿ, 2000–2002ರ ಸುಮಾರಿನಲ್ಲಿ ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ 15 ರೂಪಾಯಿಗೊಂದರಂತೆ ಮುದ್ರಿಸಿ ಕೊಡತೊಡಗಿದಂದಿನಿಂದ, ನೇಗಿಲು ಹಿಡಿಯುವ ಕೈಗೂ ಗಣಕದ ಕಾಗದದ ಪರಿಚಯವಾಯಿತು. ಕಾಲಕ್ರಮದಲ್ಲಿ ಸರ್ವರ್ ಎಂಬ ಶಬ್ದವೂ ಮನೆಮಾತಾಯಿತು. ಆದರೆ “ಸರ್ವರ್ ಇಲ್ಲ” ಎನ್ನುವುದು “ಮೈ ಬಿಸಿಯಾಗಿದೆ” ಎಂದಂತೆ. ಅದು ರೋಗದ ಲಕ್ಷಣವೇ ಹೊರತು ರೋಗದ ಹೆಸರಲ್ಲ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಹತ್ತಿಪ್ಪತ್ತು ಮಂದಿ ಹೆಂಗಸರು ಸಿದ್ಧ ಉಡುಪು ಹೊಲಿಯುವ ಒಂದು ಚಿಕ್ಕ ಕಾರ್ಖಾನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಶನಿವಾರದ ಸಂಜೆ, ಬಟವಾಡೆಯ ಹೊತ್ತು. ಹತ್ತಿಗಿರಣಿಗಳಿಂದಾಗಿ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಬಟವಾಡೆಯ ಲೆಕ್ಕವೆಲ್ಲ ದಪ್ಪ ಪುಸ್ತಕದಲ್ಲಿರುತ್ತಿತ್ತು. ಈ ಕಾರ್ಖಾನೆಯಲ್ಲಿ ಒಬ್ಬೊಬ್ಬರು ಹೊಲಿದ ಉಡುಪುಗಳ ಎಣಿಕೆ ಹಿಂದಿನ ಕೋಣೆಯ ಸರ್ವರಿನಲ್ಲಿ, ಡೇಟಾಬೇಸ್ ಎಂಬ ಲೆಕ್ಕದ ಉಗ್ರಾಣದಲ್ಲಿದೆ. ಮುಂದಿನ ಕೋಣೆಯ ಗಣಕದಲ್ಲಿರುವ ವರದಿ ತಂತ್ರಾಂಶವು ಅದನ್ನು ಓದಿ ಕೂಲಿಯ ಪಟ್ಟಿಯನ್ನು ಮುದ್ರಿಸಬೇಕು. ಗುಮಾಸ್ತೆಯು ಗುಂಡಿ ಒತ್ತಿದನು. ಪಟ್ಟಿ ಬರಲಿಲ್ಲ, “ಸಂಪರ್ಕ ಸಾಧ್ಯವಾಗಲಿಲ್ಲ, ಕಾಲಾವಧಿ ಮುಗಿಯಿತು” ಎಂಬ ಒಕ್ಕಣೆ ಪರದೆಯ ಮೇಲೆ ಮೂಡಿತು.

“ಏನಪ್ಪಾ ತಮ್ಮಾ, ಇವತ್ತು ಸಂಬಳ ಆಗ್ತದೋ ಇಲ್ಲೋ? ಮನೆಗೆ ಅಕ್ಕಿ ಒಯ್ಯಬೇಕು” ಎಂದು ಬಾಗಿಲಲ್ಲಿ ನಿಂತ ಹಿರಿಯಳು ಕೇಳಿದಳು.

“ಸರ್ವರ್ ಇಲ್ಲ ಅಕ್ಕಾ” ಎಂದನು ಗುಮಾಸ್ತೆ.

ಸರ್ವರ್ ಇದ್ದಿತು. ಹಿಂದಿನ ಕೋಣೆಯಲ್ಲಿ ಅದರ ದೀಪ ಉರಿಯುತ್ತಲೇ ಇತ್ತು. ಹಾಗಾದರೆ ಕೆಟ್ಟುದೇನು?

ವರದಿ ತಂತ್ರಾಂಶದ ಬಳಿ ಸಾಮಾನ್ಯವಾಗಿ ಲೆಕ್ಕವಿರುವುದಿಲ್ಲ. ಅದು ಕೇವಲ ದೂತ. ಪ್ರತಿಸಲವೂ ಉಗ್ರಾಣದವರೆಗೆ ಹೋಗಿ, ಕೇಳಿ, ತರಬೇಕು. ಈ ದೂತನಿಗೆ ನಾಲ್ಕು ಸಂಗತಿಗಳು ಗೊತ್ತಿರಬೇಕು: ಹೋಗಬೇಕಾದ ಮನೆಯ ವಿಳಾಸ, ತಟ್ಟಬೇಕಾದ ಬಾಗಿಲು, ಒಳಗಿನವರೊಡನೆ ಆಡುವ ಭಾಷೆ, ಕಾವಲುಗಾರನಿಗೆ ಹೇಳಬೇಕಾದ ಹೆಸರು ಮತ್ತು ಗುಪ್ತಪದ. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಪಟ್ಟಿ ಬಾರದು. ಆದರೆ ಒಂದೊಂದು ತಪ್ಪಿಗೂ ಒಂದೊಂದು ಬಗೆಯ ಉತ್ತರ ಬರುತ್ತದೆ. ಆದುದರಿಂದ ಪರದೆಯ ಒಕ್ಕಣೆಯನ್ನು ಮುಚ್ಚಿಬಿಡದೆ ಅಕ್ಷರಶಃ ಬರೆದಿಟ್ಟುಕೊಳ್ಳುವುದೇ ದುರಸ್ತಿಯ ಮೊದಲ ಹೆಜ್ಜೆ.

“ಸಂಪರ್ಕ ನಿರಾಕರಿಸಲಾಯಿತು” ಎಂದು ಥಟ್ಟನೆ ಉತ್ತರ ಬಂದರೆ, ಮನೆ ಸಿಕ್ಕಿದೆ, ಆ ಬಾಗಿಲಲ್ಲಿ ಯಾರೂ ಕುಳಿತಿಲ್ಲ ಎಂದೇ ಹೆಚ್ಚಾಗಿ ಅರ್ಥ. ಡೇಟಾಬೇಸಿನ ಸೇವೆ ನಿಂತಿರಬಹುದು. ಇಲ್ಲವೆ ಬಾಗಿಲಿನ ಸಂಖ್ಯೆ ತಪ್ಪಿರಬಹುದು. ಪೋರ್ಟ್ ಎಂದು ಕರೆಯಲಾಗುವ ಈ ಸಂಖ್ಯೆ ರೂಢಿಯಂತೆ ಎಸ್‌ಕ್ಯೂಎಲ್ ಸರ್ವರಿಗೆ 1433, ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ಅದಕ್ಕೆ ಬದಲು ಬಹಳ ಹೊತ್ತು ಕಾದು “ಕಾಲಾವಧಿ ಮುಗಿಯಿತು” ಎಂದರೆ, ದೂತನ ಕೂಗಿಗೆ ಯಾರೂ ಓಗೊಡಲಿಲ್ಲವೆಂದಾಯಿತು: ನಡುವೆ ಫೈರ್‌ವಾಲ್ ಎಂಬ ತಡೆಗೋಡೆ ಅವನನ್ನು ನುಂಗಿರಬೇಕು, ಇಲ್ಲವೆ ಆ ವಿಳಾಸದಲ್ಲಿ ಮನೆಯೇ ಇಲ್ಲ.

ಭಾಷೆಯ ತೊಡಕು ಬೇರೆ ಬಗೆಯದು. ವರದಿಗೂ ಡೇಟಾಬೇಸಿಗೂ ನಡುವೆ ಡ್ರೈವರ್ ಎಂಬ ದುಭಾಷಿ ಇರುತ್ತಾನೆ. ವಿಂಡೋಸ್ ಗಣಕಗಳಲ್ಲಿ ಈ ದುಭಾಷಿಗಳು 32 ಬಿಟ್, 64 ಬಿಟ್ ಎಂದು ಎರಡು ಕುಲದವರು. ಒಂದು ಕುಲದ ವರದಿಗೆ ಇನ್ನೊಂದು ಕುಲದ ದುಭಾಷಿ ಕಾಣಿಸುವುದೇ ಇಲ್ಲ. ಅವರ ಹೆಸರುಪಟ್ಟಿ ತೋರಿಸುವ ಸಲಕರಣೆಯೂ ಎರಡುಂಟು: ‘ಸಿಸ್ಟಮ್32’ ಎಂಬ ಕೋಶದಲ್ಲಿ 64 ಬಿಟ್‌ನದು, ‘ಸಿಸ್‌ವೌ64’ ಎಂಬ ಕೋಶದಲ್ಲಿ 32 ಬಿಟ್‌ನದು! ಹೆಸರು ನೋಡಿ ಮೋಸಹೋದವರು ಅನೇಕರು. ಮತ್ತೊಂದು ಸಂಗತಿ: 2022ರಲ್ಲಿ ಹೊರಬಂದ ಎಸ್‌ಕ್ಯೂಎಲ್ ಸರ್ವರಿನ 18ನೆಯ ಆವೃತ್ತಿಯ ಒಡಿಬಿಸಿ ಡ್ರೈವರ್, ತಾನಾಗಿಯೇ ಗೂಢಲಿಪಿಯ ಸಂಪರ್ಕವನ್ನು ಬಯಸಿ ಸರ್ವರಿನ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಹಳೆಯ ಡ್ರೈವರ್ ತೆಗೆದು ಇದನ್ನು ಹಾಕಿದ ದಿನವೇ ಚೆನ್ನಾಗಿದ್ದ ವರದಿಗಳು ನಿಂತುಹೋದರೆ ಕಾರಣವನ್ನು ಇಲ್ಲಿ ಹುಡುಕತಕ್ಕದ್ದು.

ಕೊನೆಗೆ ಕಾವಲುಗಾರ. ಎಸ್‌ಕ್ಯೂಎಲ್ ಸರ್ವರ್ “ಲಾಗಿನ್ ವಿಫಲ, 18456” ಎಂದರೆ ಎದೆಗುಂದಬೇಕಾಗಿಲ್ಲ. ವಿಳಾಸ, ಬಾಗಿಲು, ಭಾಷೆ ಮೂರೂ ಸರಿಯಿವೆ ಎಂಬುದಕ್ಕೆ ಅದೇ ಸಾಕ್ಷಿ. ಹೆಸರೋ ಗುಪ್ತಪದವೋ ಹಕ್ಕೋ ತಪ್ಪಿದೆ. ಯಾವುದೆಂಬುದನ್ನು ಸರ್ವರ್ ಹೊರಗಿನವರಿಗೆ ಹೇಳುವುದಿಲ್ಲ. ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ಅಲ್ಲಿ ನೋಡಬೇಕು.

ನಿಟ್ಟುವಳ್ಳಿಯ ಗುಮಾಸ್ತೆ ಇಷ್ಟೆಲ್ಲ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ದೂರವಾಣಿಯಲ್ಲಿ ಗೆಳೆಯನೊಬ್ಬ, “ಫೈರ್‌ವಾಲ್ ಪೂರ್ತಿ ತೆಗೆದುಬಿಡು. ಮುಖ್ಯಾಧಿಕಾರಿಯ ಗುಪ್ತಪದವನ್ನೇ ವರದಿಗೆ ಹಾಕು. ಹತ್ತು ನಿಮಿಷದ ಕೆಲಸ” ಎಂದು ಸಲಹೆಯಿತ್ತನು. ಹೊರಗೆ ಹೆಂಗಸರ ಗೊಣಗಾಟ ಏರುತ್ತಿತ್ತು. ಇಂಥ ಸಂಜೆಗಳಲ್ಲಿ ತೆಗೆದ ಕದವನ್ನು ಸೋಮವಾರ ಮುಚ್ಚುವವರು ಕಡಿಮೆ.

ತೆರೆದ ಕದದ ಬೆಲೆಯೇನೆಂಬುದನ್ನು ಜಗತ್ತು 2003ರ ಜನವರಿ 25ರಂದು ಕಂಡಿತು. ‘ಸ್ಲ್ಯಾಮರ್’ ಎಂಬ ಹುಳು 1434ನೆಯ ಬಾಗಿಲಿನಿಂದ ನುಗ್ಗಿ, ಕನಿಷ್ಠ 75,000 ಗಣಕಗಳನ್ನು, ಅವುಗಳಲ್ಲಿ ಬಹುಪಾಲನ್ನು ಹತ್ತೇ ನಿಮಿಷಗಳಲ್ಲಿ, ಆಕ್ರಮಿಸಿತು. ಅಮೆರಿಕದಲ್ಲಿ ಬ್ಯಾಂಕಿನ ಹಣ ಕೊಡುವ ಯಂತ್ರಗಳು ಸಹ ಸ್ತಬ್ಧವಾದುವು. ಅದನ್ನು ತಡೆಯುವ ತೇಪೆ ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು, ಹಾಕಿಕೊಂಡವರು ಸಾಲದಾದರು.

ಗುಮಾಸ್ತೆಯ ಕೈಯನ್ನು ತಡೆದವರು ಕಾರ್ಖಾನೆಯ ಯಜಮಾನರು. ಗಣಕದ ವಿದ್ಯೆ ಅವರಿಗೆ ತಿಳಿಯದು. ಹೊಲಿಗೆ ಯಂತ್ರದ ದುರಸ್ತಿ ತಿಳಿದಿತ್ತು. “ನಿನ್ನೆ ನಡೀತಿತ್ತಲ್ಲಪ್ಪಾ? ನಿನ್ನೆಯಿಂದ ಇವತ್ತಿಗೆ ಏನು ಬದಲಾಯ್ತು ಹೇಳು” ಎಂದರು.

ಬದಲಾದುದು ಒಂದೇ. ಹಿಂದಿನ ರಾತ್ರಿ ವಿದ್ಯುತ್ತು ಹೋಗಿ ಬಂದಿತ್ತು. ಗುಮಾಸ್ತೆ ಸರ್ವರಿನ ಮುಂದೆಯೇ ಕುಳಿತು ಡೇಟಾಬೇಸ್ ತೆರೆದನು, ತೆರೆಯಿತು. ಉಗ್ರಾಣ ಕ್ಷೇಮ. ಬಳಿಕ ಸರ್ವರಿನ ವಿಳಾಸವನ್ನು ನೋಡಿದನು. ವಿಳಾಸಗಳನ್ನು ಹಂಚುವ ರೂಟರ್ ಪೆಟ್ಟಿಗೆಯು ವಿದ್ಯುತ್ತು ಮರಳಿದಾಗ ಅದಕ್ಕೆ ಹೊಸ ವಿಳಾಸ ಕೊಟ್ಟಿತ್ತು. ವರದಿಯು ಹಳೆಯ ವಿಳಾಸದಲ್ಲೇ ಕೂಗುತ್ತಿತ್ತು. ಫೈರ್‌ವಾಲನ್ನು ಕಿತ್ತೆಸೆದಿದ್ದರೂ, ಮುಖ್ಯ ಗುಪ್ತಪದವನ್ನು ಒಪ್ಪಿಸಿದ್ದರೂ, ಪಟ್ಟಿ ಬರುತ್ತಿರಲಿಲ್ಲ. ದೂತ ಹೋಗುತ್ತಿದ್ದುದೇ ಇಲ್ಲದ ಮನೆಗೆ.

ರೂಟರಿನಲ್ಲಿ ಹಳೆಯ ವಿಳಾಸವನ್ನು ಸರ್ವರಿಗೆಂದೇ ಕಾಯ್ದಿರಿಸಿ, ಸರ್ವರನ್ನು ಮತ್ತೆ ಚಾಲೂ ಮಾಡಿದ್ದಾಯಿತು. ಪಟ್ಟಿ ಮುದ್ರಣವಾಯಿತು. ಕತ್ತಲಾಗುವ ಮೊದಲೇ ಬಟವಾಡೆ ಮುಗಿಯಿತು.

ಇಂಥ ಸಂದರ್ಭಕ್ಕೆ ಪ್ರತಿ ಕಚೇರಿಯೂ ಒಂದು ಹಾಳೆ ಬರೆದಿಡುವುದು ಒಳ್ಳೆಯದು: ಸರ್ವರಿನ ಹೆಸರು ಮತ್ತು ವಿಳಾಸ, ಪೋರ್ಟ್ ಸಂಖ್ಯೆ, ಡೇಟಾಬೇಸಿನ ಹೆಸರು, ಡ್ರೈವರಿನ ಆವೃತ್ತಿ, ವರದಿಯು ಬಳಸುವ ಲಾಗಿನ್ ಹೆಸರು. ಗುಪ್ತಪದವನ್ನು ಮಾತ್ರ ಅದರಲ್ಲಿ ಬರೆಯಬಾರದು. ಆ ಲಾಗಿನ್ನಿಗೆ ಓದುವ ಹಕ್ಕಷ್ಟೇ ಸಾಕು. ಬರೆಯುವ ಹಕ್ಕು ವರದಿಗೆ ಬೇಕಿಲ್ಲ. ತೊಂದರೆ ಬಂದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಫಲವಿಲ್ಲದಿದ್ದರೆ ಮೊದಲಿದ್ದಂತೆಯೇ ಮಾಡಿ ಮುಂದಿನದಕ್ಕೆ ಹೋಗಬೇಕು. ಆಗ “ಸರ್ವರ್ ಇಲ್ಲ” ಎಂದು ಜನರನ್ನು ಬರಿಗೈಯಲ್ಲಿ ಕಳುಹಿಸುವ ಬದಲು, “ಅರ್ಧ ಗಂಟೆ ಕೂತಿರಿ ಅಕ್ಕಾ” ಎನ್ನುವಷ್ಟು ಧೈರ್ಯ ಗುಮಾಸ್ತೆಗೆ ಬಂದೀತು.