ಪುಸ್ತಕ ಕೊಡುವವರ ಕೈಗೂ ಒಂದು ಪುಸ್ತಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಂಧುಗಳೇ,

ನಮ್ಮ ತಾಲೂಕಿನ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಕಣ್ಣಾರೆ ಕಂಡದ್ದರಿಂದಲೇ ಶುರು ಮಾಡುತ್ತೇನೆ. ಶೇಂಗಾ ಒಕ್ಕಣೆ ಮುಗಿದ ಹೊತ್ತು. ಹೆಗಲ ಮೇಲೆ ಟವಲ್ ಹಾಕಿಕೊಂಡ ಅಜ್ಜನೊಬ್ಬ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, "ಯವ್ವಾ, ಹೊಲದ ಬುಕ್ ಐತೇನು?" ಎಂದ. ಮೇಲ್ವಿಚಾರಕಿ ಎದ್ದು ಹೋಗಿ ಸಾವಯವ ಗೊಬ್ಬರದ ಪುಸ್ತಕವೊಂದನ್ನು ತಂದುಕೊಟ್ಟರು. ಅಜ್ಜ ಎರಡು ಹಾಳೆ ತಿರುವಿದ, ಮೇಜಿನ ಮೇಲಿಟ್ಟ, ಮಾತಾಡದೆ ಹೊರಟ. ಕೇಳಿದ್ದನ್ನು ಕೊಟ್ಟಿದ್ದಾಯಿತಲ್ಲ ಎಂದು ಆಕೆ ಮತ್ತೆ ಪತ್ರಿಕೆ ಜೋಡಿಸಲು ಕೂತರು. ತಪ್ಪು ಅವರದಲ್ಲ. ಓದುಗ ಬಾಯಲ್ಲಿ ಕೇಳುವುದು ಒಂದು, ಅವನಿಗೆ ಬೇಕಿರುವುದು ಇನ್ನೊಂದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಓದುಗನಿಗೆ ಬೇಕಿರುವುದನ್ನು ತಿಳಿದು ಕೊಡುವ ಕೆಲಸಕ್ಕೆ ಗ್ರಂಥಾಲಯದವರು ಪರಾಮರ್ಶನ ಸೇವೆ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು: ಎದ್ದು ಕಪಾಟಿನ ಕಡೆ ಹೋಗುವ ಮೊದಲು ಕೂರಿಸಿ ಎರಡು ಮಾತು ಕೇಳುವುದು. ಆ ಬಗ್ಗೆ ಎಂಟು ಪುಟ ಕನ್ನಡದಲ್ಲಿ ಬರೆದು, ಝೆರಾಕ್ಸ್ ಮಾಡಿಸಿ ಆಕೆಗೆ ಕೊಟ್ಟೆ. ಒಂದೆರಡು ತಿಂಗಳಾದ ಮೇಲೆ ಅದೇ ಅಜ್ಜ ಪೇಪರ್ ನೋಡಲು ಬಂದಾಗ ಆಕೆಯೇ ಮಾತು ತೆಗೆದರು: "ಅಜ್ಜಾ, ಅವತ್ತು ಹೊಲದ್ದು ಏನ್ ತಿಳ್ಕಬೇಕಾಗಿತ್ತು?" ಅಜ್ಜ ಹೇಳಿದ್ದು ಇಷ್ಟು: "ನಮ್ಮಪ್ಪ ಹೋಗಿ ಇಪ್ಪತ್ತ್ ವರ್ಷಾತವ್ವ. ಪಾಣಿ ಇನ್ನೂ ಅವನ ಹೆಸರ್ಲೇ ಐತಿ." ಗೊಬ್ಬರಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ! ಪೌತಿ ಖಾತೆ, ಮರಣ ಪ್ರಮಾಣ ಪತ್ರ, ವಂಶವೃಕ್ಷ, ನಾಡಕಚೇರಿ ಎಂದು ಆಕೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಜ್ಜ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಳಿಸಿದ.

ಎಂಟೇ ಪುಟ. ನಿಮ್ಮ ಮುಂದೆ ನಾನು ಸೆರಗೊಡ್ಡಿ ಕೇಳುತ್ತಿರುವುದು ಇಂಥ ಪುಟಗಳನ್ನು.

ಕಾಲೇಜೊಂದರ ಗ್ರಂಥಾಲಯದಲ್ಲಿ ಬಹಳ ವರ್ಷ ಕೂತು ನಿವೃತ್ತನಾದವನು ನಾನು. ಮೊದಲ ಹತ್ತು ವರ್ಷ ಕಸುಬಿನ ಬಗ್ಗೆ ಒಂದಕ್ಷರ ಓದಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ತರಬೇತಿಗಳಿಗೆ ಹೋಗಿದ್ದೆ. ಉಪ್ಪಿಟ್ಟು, ಉದ್ಘಾಟನೆ, ಗ್ರೂಪ್ ಫೋಟೊ, ಸರ್ಟಿಫಿಕೇಟು. ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗೆ ಖಾಲಿ ನೋಟ್‌ಪ್ಯಾಡು. ವೈದ್ಯರಿಗೆ, ವಕೀಲರಿಗೆ, ಮೇಷ್ಟ್ರಿಗೆ ಓದು ಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಗ್ರಂಥಪಾಲಕನಿಗೂ ಓದು ಬೇಕು ಎಂದರೆ ಮಾತ್ರ, "ಅದೇನ್ ಸಾರ್, ಪುಸ್ತಕದ ನಡುವೇನೇ ಕೂತಿರ್ತೀರಲ್ಲ" ಎಂದು ನಗುತ್ತಾರೆ. ಮಿಠಾಯಿ ಅಂಗಡಿಯವನು ಉಂಡಿದ್ದಾನೆಂದು ಯಾರು ಹೇಳಿದರು?

ನಮ್ಮ ದೇಶದಲ್ಲಿ ಈ ಕಸುಬಿನ ದೊಡ್ಡ ಹೆಸರು ಎಸ್.ಆರ್. ರಂಗನಾಥನ್. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಹುದ್ದೆಯ ಸಂದರ್ಶನಕ್ಕೆ ಹೋದಾಗ ಗ್ರಂಥಾಲಯದ ಬಗ್ಗೆ ಅವರು ಓದಿಕೊಂಡಿದ್ದದ್ದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಲೇಖನ ಮಾತ್ರ. ಕೆಲಸಕ್ಕೆ ಸೇರಿದ ಮೇಲೂ ಬೇಸರ ಬಂದು, ತರಗತಿಗೇ ವಾಪಸು ಹೋಗುತ್ತೇನೆ ಎಂದು ಕೂತಿದ್ದರು. ವಿಶ್ವವಿದ್ಯಾಲಯದವರು ಅವರನ್ನು ಲಂಡನ್ನಿಗೆ ಕಳಿಸಿದರು. ಅಲ್ಲಿ ಕಲಿತರು, ಗ್ರಂಥಾಲಯಗಳನ್ನು ಸುತ್ತಿದರು, ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆಯ ತುಂಡು ಜೋಡಿಸುವುದನ್ನು ಕಂಡು ಹೊಸ ವರ್ಗೀಕರಣ ಪದ್ಧತಿಯನ್ನೇ ಯೋಚಿಸಿಕೊಂಡು ಬಂದರು. 1931ರಲ್ಲಿ ಅವರ ಐದು ಸೂತ್ರಗಳ ಪುಸ್ತಕ ಹೊರಬಂತು. ಪುಸ್ತಕ ಇರುವುದು ಬೀಗ ಹಾಕಿಡಲಿಕ್ಕಲ್ಲ, ಓದುಗನ ಹೊತ್ತು ಹಾಳು ಮಾಡಬಾರದು, ಹೀಗೆ ನಮ್ಮ ಹಳ್ಳಿಯ ಮೇಲ್ವಿಚಾರಕರಿಗೂ ಮನಸ್ಸಿಗೆ ನಾಟುವ ಮಾತುಗಳು ಅವು.

ಈ ಮನುಷ್ಯನಿಗೂ ನಮ್ಮ ಸೀಮೆಗೂ ನಂಟಿದೆ. ಅವರು ಪಟ್ಟುಹಿಡಿದು ತಂದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮಗೂ ಅನ್ವಯಿಸುತ್ತಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನಲ್ಲೇ ಇದ್ದವಲ್ಲ. ಮೈಸೂರು ರಾಜ್ಯ ತನ್ನದೇ ಕಾಯ್ದೆ ಮಾಡಿದ್ದು 1965ರಲ್ಲಿ. ಅಂದರೆ ನಮ್ಮನ್ನು ಹಿಂದುಳಿದ ಸೀಮೆ ಎಂದು ಕರೆಯುವವರಿಗಿಂತ ಮೊದಲೇ ನಮಗೆ ಗ್ರಂಥಾಲಯ ಕಾನೂನು ಇತ್ತು! ರಂಗನಾಥನ್ ಕೊನೆಗಾಲ ಕಳೆದದ್ದೂ, 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಕಾನೂನಿನ ಮಾತು ಬಂತಲ್ಲ, ನಿಮ್ಮ ಮನೆ ತೆರಿಗೆಯ ರಸೀದಿ ಒಮ್ಮೆ ತೆಗೆದು ನೋಡಿ. ಕೆಳಗೆಲ್ಲೋ ಗ್ರಂಥಾಲಯ ಕರ ಎಂದಿರುತ್ತದೆ, ರೂಪಾಯಿಗೆ ಆರು ಪೈಸೆ. ಹಾಗಾಗಿ ನಾವು ಯಾರಲ್ಲೂ ದಾನ ಕೇಳುತ್ತಿಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮ ಬಂತು, ಆಮೇಲೆ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂತು. ಹಲವು ಕಡೆ ಗೋಡೆಗೆ ಬಣ್ಣ, ಮಕ್ಕಳಿಗೆ ಪುಟ್ಟ ಕುರ್ಚಿ, ಕಂಪ್ಯೂಟರು ಬಂದವು. ಒಳ್ಳೆಯದಾಯಿತು, ಇಲ್ಲ ಎನ್ನುವುದಿಲ್ಲ. ಬಣ್ಣದ ಗೋಡೆಗೆ ಬೆನ್ನು ಕೊಟ್ಟು ಕೂತವರ ಓದಿನ ಮಾತು ಮಾತ್ರ ಹಿಂದೆ ಉಳಿಯಿತು.

ಅವರೇನು ಓದಬೇಕು ಎನ್ನುತ್ತೀರಾ? ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಆ ಕಡೆಯ ಹುಡುಗನೊಬ್ಬ ಕರಡಿ ಪುಸ್ತಕ ಕೇಳಿದ. ಪುಸ್ತಕ ಇತ್ತು, ಸಿಕ್ಕಲಿಲ್ಲ. ಪುಸ್ತಕಗಳನ್ನು ಎತ್ತರ ನೋಡಿ ಜೋಡಿಸಿದ್ದರು, ಕರಡಿ ಹೋಗಿ ಕೆಎಎಸ್ ಗೈಡುಗಳ ಸಂದಿಯಲ್ಲಿ ಅಡಗಿತ್ತು. ಪುಸ್ತಕಗಳನ್ನು ವಿಷಯ ನೋಡಿ ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 599 ಎಂದರೆ ಸಸ್ತನಿಗಳು, 894.814 ಎಂದರೆ ಕನ್ನಡ ಸಾಹಿತ್ಯ. ಇಡೀ ಪದ್ಧತಿ ಬೇಡ, ಹತ್ತು ಮುಖ್ಯ ವರ್ಗ ಗೊತ್ತಿದ್ದು ಹತ್ತು ಬಣ್ಣದ ಚೀಟಿ ಅಂಟಿಸಿದರೂ ಆ ಹುಡುಗ ಬರಿಗೈಲಿ ಹೋಗುತ್ತಿರಲಿಲ್ಲ. ಇನ್ನು ಗೆದ್ದಲು, ಬೆನ್ನು ಕಿತ್ತ ಪುಸ್ತಕದ ಹೊಲಿಗೆ, ಅಕ್ಷರ ಕಲಿಯುತ್ತಿರುವ ಮಗುವಿಗೆ ಕಥೆ ಓದಿ ಹೇಳುವ ಬಗೆ, ಯಾವ ಪುಸ್ತಕ ತೆಗೆದುಹಾಕಬೇಕು ಎಂಬ ಲೆಕ್ಕ, ಎಲ್ಲಕ್ಕೂ ಓದಬೇಕಾದದ್ದಿದೆ. ಊರಿನ ಓದೂ ಬೇಕು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ಕೊಟ್ಟೂರಿನ ಕುಂ. ವೀರಭದ್ರಪ್ಪ, ಹಡಗಲಿಯ ಎಂ.ಪಿ. ಪ್ರಕಾಶ್ ಇವರ ಬರಹ ಆಯಾ ಊರಿನ ಗ್ರಂಥಾಲಯದಲ್ಲೇ ಇಲ್ಲ ಎಂದರೆ ಬೇಸರವಲ್ಲವೇ? ಬೀಚಿಯವರನ್ನು ಕನ್ನಡದ ಕಡೆ ತಿರುಗಿಸಿದ್ದು ಅನಕೃ ಅವರ 'ಸಂಧ್ಯಾರಾಗ' ಎಂಬ ಒಂದೇ ಕಾದಂಬರಿ. ಯಾವ ಪುಸ್ತಕ ಯಾರಿಗೆ ಕಾದು ಕೂತಿದೆಯೋ, ಅದನ್ನು ಊಹಿಸಬೇಕಾದವರು ಈ ಮೇಲ್ವಿಚಾರಕರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೌರವಧನ ಹೊತ್ತಿಗೆ ಸರಿಯಾಗಿ ಬರದವರಿಗೆ ಓದಿನ ಉಪದೇಶ ಮಾಡುವುದು ಹಸಿದವನಿಗೆ ಊಟದ ಶಾಸ್ತ್ರ ಹೇಳಿದಂತೆ. ಅವರ ಸಂಬಳದ ಬೇಡಿಕೆಗೆ ನನ್ನ ದನಿಯೂ ಇದೆ. ಅದರ ಬದಲಿಗೆ ಇದನ್ನು ಕೇಳುತ್ತಿಲ್ಲ, ಅದರ ಜೊತೆಗೆ ಕೇಳುತ್ತಿದ್ದೇನೆ.

ನಿಮ್ಮಿಂದ ಆಗಬೇಕಾದ್ದು ದೊಡ್ಡದೇನಲ್ಲ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಒಬ್ಬರು ಎದ್ದು, ಗ್ರಂಥಾಲಯದ ಕರದಲ್ಲಿ ಮೇಲ್ವಿಚಾರಕರ ಓದಿಗೆಂದು ಎಷ್ಟು ಇಟ್ಟಿದ್ದೀರಿ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿ. ಐದೂ ತಾಲೂಕಿನ ಕೇಂದ್ರಗಳಲ್ಲಿ ಅವರಿಗೆಂದೇ ಒಂದೊಂದು ಕಪಾಟು ಇರಲಿ, ತಿಂಗಳಿಗೊಂದು ಮಧ್ಯಾಹ್ನ ಅವರು ಅಲ್ಲಿ ಸೇರಿ ಓದಿ ಮಾತಾಡಲು ಪಂಚಾಯತಿಯವರು ಬಿಟ್ಟುಕೊಡಲಿ. ಭಾಷಣ ಬೇಡ, ಶಾಲು ಬೇಡ. ಈ ಕಸುಬಿನ ಓದು ಬಹುಪಾಲು ಇಂಗ್ಲಿಷಿನಲ್ಲಿದೆ, ತೊಡಕು ಇರುವುದೇ ಇಲ್ಲಿ. ಕಾಲೇಜಿನ ಗ್ರಂಥಪಾಲಕರು, ಇಂಗ್ಲಿಷ್ ಮೇಷ್ಟ್ರುಗಳು ತಿಂಗಳಿಗೆ ನಾಲ್ಕು ಪುಟ ಕನ್ನಡಕ್ಕೆ ತಂದುಕೊಡಿ. ರಂಗನಾಥನ್ ಅವರ ಐದು ಸೂತ್ರಗಳ ಪುಸ್ತಕ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತದೆ, ಅಲ್ಲಿಂದಲೇ ಶುರು ಮಾಡಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ವಿದ್ವಾಂಸರು ಮನಸ್ಸು ಮಾಡಿದರೆ ಹಳ್ಳಿಯ ಗ್ರಂಥಪಾಲಕರಿಗೊಂದು ಕೈಪಿಡಿ ಹೊರಡಿಸುವುದು ಎಷ್ಟರ ಮಾತು? ರಂಗನಾಥನ್ ಹುಟ್ಟುಹಬ್ಬವಾದ ಆಗಸ್ಟ್ 12 ಗ್ರಂಥಪಾಲಕರ ದಿನ. ಅವತ್ತು ಅವರ ಫೋಟೊಕ್ಕೆ ಹಡಗಲಿ ಮಲ್ಲಿಗೆ ಹಾರ ಹಾಕುವವರು ಹಾಕಿ, ಮೇಲ್ವಿಚಾರಕರ ಕೈಗೂ ನಾಲ್ಕು ಪುಟ ಕೊಡಿ.

ಆ ಎಂಟು ಪುಟ ಓದಿದ ಮೇಲ್ವಿಚಾರಕಿ ಈಗ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟಿದ್ದಾರೆ. ಕೇಳಿದವರಿಗೆ ಕೊಡಲಾಗದ್ದನ್ನೆಲ್ಲ ಅದರಲ್ಲಿ ಬರೆಯುತ್ತಾರೆ. ಹೋದ ವಾರ ನೋಡಿದಾಗ ಮೂರು ಸಾಲಿನ ಮುಂದೆ ಜಾಗ ಖಾಲಿ ಇತ್ತು. ಕುರಿಯ ಗೊರಸಿನ ಹುಣ್ಣಿಗೆ ಏನು ಮಾಡಬೇಕು. ಮೈಲಾರದ ಕಾರಣಿಕದ ಹಳೆಯ ನುಡಿಗಳನ್ನು ಯಾರಾದರೂ ಬರೆದಿಟ್ಟಿದ್ದಾರಾ. ಕಣ್ಣು ಮಂಜಾದವರು ಓದುವಂಥ ದಪ್ಪಕ್ಷರದ ಪುಸ್ತಕ ಎಲ್ಲಿ ಸಿಗುತ್ತದೆ. ಗೊತ್ತಿರುವವರು ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ಹೇಳಿ; ಅಲ್ಲಿಯೂ ಯಾರಾದರೂ ಇದನ್ನೇ ಕೇಳಿ ಹೋಗಿರುತ್ತಾರೆ.