ಬೆಕ್ಕಿನ ಮೈಯ ಹುಳುಕಡ್ಡಿ

ಮನೆಯ ಬೆಕ್ಕಿನ ಕಿವಿಯಂಚಿನಲ್ಲಿ ನಾಣ್ಯದಗಲ ಕೂದಲು ಉದುರಿದೆ. ಆ ಜಾಗದಲ್ಲಿ ಬೂದಿ ಚೆಲ್ಲಿದಂತೆ ಹೊಟ್ಟು. ಎಲ್ಲಿಯೋ ಕಚ್ಚಾಡಿಕೊಂಡು ಬಂದಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ, ಅದನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಹುಡುಗಿಯ ತೋಳಿನ ಮೇಲೆ ಕೆಂಪು ಉಂಗುರವೊಂದು ಮೂಡುತ್ತದೆ. ಆಗ ವಿಚಾರಣೆ ನಡೆಯುವುದು ಬೆಕ್ಕಿನ ಮೇಲೆ. ತೀರ್ಪು ಗೋಣಿಚೀಲ ಮತ್ತು ಊರಾಚೆಯ ಬಯಲು.

ಈ ತೀರ್ಪು ಕ್ರೂರವಾದುದಷ್ಟೇ ಅಲ್ಲ, ನಿಷ್ಪ್ರಯೋಜಕವೂ ಹೌದು. ಹುಳುಕಡ್ಡಿಯೆಂದು ಹೆಸರಾದರೂ ಇದರಲ್ಲಿ ಹುಳುವಿಲ್ಲ. ಇದು ಒಂದು ಬಗೆಯ ಬೂಷ್ಟು. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂದು ಹೆಸರು. ಕ್ಯಾನಿಸ್ ಎಂದರೆ ನಾಯಿಯದು! ಒಂದೇ ರೋಗಕ್ಕೆ ಎರಡು ಭಾಷೆಗಳಲ್ಲಿ ಎರಡು ತಪ್ಪು ಹೆಸರು. ಇದರ ಬೀಜಾಣುಗಳು ಉದುರಿದ ಕೂದಲಿಗಂಟಿ ಜಮಖಾನ, ದಿಂಬುಗಳಲ್ಲಿ ವರ್ಷಕ್ಕೂ ಮಿಕ್ಕಿ ಉಳಿಯಬಲ್ಲವು. ಬೆಕ್ಕನ್ನು ಅಟ್ಟಿದರೂ ರೋಗ ಮನೆಯಲ್ಲಿಯೇ ಇರುತ್ತದೆ. ಅಲ್ಲದೆ ಹುಳುಕಡ್ಡಿ ಮನುಷ್ಯರಿಂದ ಮನುಷ್ಯರಿಗೂ ಅಂಟುವುದರಿಂದ, ಅಪರಾಧಿ ಬೆಕ್ಕೇ ಎಂಬುದೂ ಖಚಿತವಲ್ಲ.

ಪಶುವೈದ್ಯರಲ್ಲಿ ಪರೀಕ್ಷೆಯಾಗಲಿ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಕಿರಣದ ವುಡ್ ದೀಪ ಹಿಡಿದರೆ ರೋಗ ತಗುಲಿದ ಕೂದಲು ಹಸುರು ಸೇಬಿನ ಬಣ್ಣದಲ್ಲಿ ಹೊಳೆಯುತ್ತದೆ. 1925ರಿಂದ ಬಳಕೆಯಲ್ಲಿರುವ ಉಪಾಯವಿದು. ಹೊಳೆಯದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ. ಆಗ ಪ್ರಯೋಗಶಾಲೆಯಲ್ಲಿ ಬೂಷ್ಟನ್ನು ಬೆಳೆಸಿ ನೋಡಬೇಕಾಗುತ್ತದೆ. ಚಿಕಿತ್ಸೆಗೆ ವೈದ್ಯರು ಅಳತೆ ಮಾಡಿ ಕೊಡುವ ಇಟ್ರಕೊನಜೋಲ್, ಜೊತೆಗೆ ವಾರಕ್ಕೆರಡು ಬಾರಿ ಸುಣ್ಣ-ಗಂಧಕದ ದ್ರಾವಣದ ಸ್ನಾನ. ಕೊಳೆತ ಮೊಟ್ಟೆಯ ವಾಸನೆಯನ್ನು ಸಹಿಸಿಕೊಳ್ಳಬೇಕು, ಅಷ್ಟೆ. ಹಲವು ವಾರ ಹಿಡಿಯುತ್ತದೆ. ಕೂದಲು ಚಿಗುರಿತೆಂದು ನಡುವೆ ನಿಲ್ಲಿಸಬಾರದು.

ಫಿನೈಲು, ಸೀಮೆಎಣ್ಣೆ ಹಚ್ಚುವ ಪರಿಪಾಠವೊಂದಿದೆ. ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ. ಫಿನಾಲಿನಂಥ ವಿಷವನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಮೆ. ಹುಳುಕಡ್ಡಿಯಿಂದ ಸಾಯದ ಬೆಕ್ಕು ಈ ಔಷಧದಿಂದ ಸಾಯಬಹುದು. ಹುಡುಗಿಯ ತೋಳಿಗೂ ಅಂಗಡಿಯವನು ಕೊಟ್ಟ ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ. ಅದು ಕೆಂಪನ್ನು ಅಡಗಿಸಿ, ಒಳಗೇ ರೋಗವನ್ನು ಹಬ್ಬಿಸುತ್ತದೆ. ಆಕೆಯನ್ನು ಚರ್ಮವೈದ್ಯರಿಗೆ ತೋರಿಸಬೇಕು.

ಮನೆಯ ಕೆಲಸ ಇನ್ನೂ ಇದೆ. ಕಸಪೊರಕೆ ಬೀಜಾಣುಗಳನ್ನು ಎಬ್ಬಿಸಿ ಹರಡುವುದರಿಂದ ನೆಲವನ್ನು ಒದ್ದೆ ಬಟ್ಟೆಯಿಂದ ಒರಸುವುದು ಲೇಸು. ಹಾಸಿಗೆ ಹೊದಿಕೆಗಳನ್ನು ಸಾಬೂನಿನಲ್ಲಿ ಚೆನ್ನಾಗಿ ಒಗೆಯಬೇಕು. ಬೆಕ್ಕಿಗೆ ಸಾಮಾನಿಲ್ಲದ ಒಂದು ಸಣ್ಣ ಕೋಣೆಯಿರಲಿ. ಅಲ್ಲಿ ಅದು ಒಂಟಿಯಾಗಿ ಕೊರಗದಂತೆ ಹಿರಿಯರೊಬ್ಬರು ದಿನವೂ ಹೋಗಿ ಆಡಿಸಿ, ಕೈ ತೊಳೆದುಕೊಂಡು ಬರಬೇಕು. ರೋಗ ಹೋಯಿತೆಂದು ಪರೀಕ್ಷೆ ಹೇಳುವವರೆಗೆ ಹುಡುಗಿ ಕಿಟಕಿಯಿಂದ ಮಾತನಾಡಿಸಬಹುದು. ಹಾಸಿಗೆಯ ಮಗ್ಗುಲು ಮಾತ್ರ ಸದ್ಯಕ್ಕಿಲ್ಲ.